‘ವಿತ್’ ಆದಮೇಲೆ ಏನಾದರೂ ಬೇಕು

ಇಂಗ್ಲಿಷಿನ ದೊಡ್ಡ ಪದಗಳಿಗೆ ನಾನೆಂದೂ ಹೆದರಿದವಳಲ್ಲ. ದೊಡ್ಡ ಪದವೆಂದರೆ ಪಟ್ಟಣದಿಂದ ಬಂದ ಸೂಟುಬೂಟಿನ ನೆಂಟನಿದ್ದ ಹಾಗೆ. ನೋಡಲು ಗಂಭೀರ, ಆದರೆ ಒಮ್ಮೆ ಪರಿಚಯವಾಯಿತೆಂದರೆ ಯಾವತ್ತೂ ಅದೇ ಮುಖ, ಅದೇ ಮಾತು. ನಿಘಂಟು ತೆರೆದರೆ ಒಂದು ಸಾಲಿನಲ್ಲಿ ಅರ್ಥ ಮುಗಿಯುತ್ತದೆ. ಮೂವತ್ತು ವರ್ಷಗಳಿಂದ ನನ್ನನ್ನು ಗೋಳು ಹೊಯ್ದುಕೊಂಡವು ಸಣ್ಣ ಪದಗಳು. ಪುಟ್, ಗೆಟ್, ಟೇಕ್, ಲುಕ್. ಈ ಕಿಲಾಡಿಗಳು ಅಪ್, ಆಫ್, ಔಟ್, ಆನ್ ಎಂಬ ತಮಗಿಂತ ಸಣ್ಣ ಕಿಲಾಡಿಗಳ ಹೆಗಲ ಮೇಲೆ ಕೈ ಹಾಕಿಕೊಂಡು ಹೊರಟರೆ ಸಾಕು, ಹಿಂದಿನ ಅರ್ಥ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ.

ನಾನು ಪಾಠ ಹೇಳುವುದು ಅರಸೀಕೆರೆ ಕಡೆಯ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ. ಅಲ್ಲಿನ ಮಕ್ಕಳಿಗೆ ‘ಪುಟ್’ ಎಂಬ ಪದದ ಮೇಲೆ ಮೊದಲಿನಿಂದಲೂ ಒಂದು ಗುಮಾನಿ. “ಮಿಸ್, ಬಿಯುಟಿ ಬಟ್ ಆದ್ರೆ ಪಿಯುಟಿ ಪಟ್ ಯಾಕಾಗಲ್ಲ?” ಎಂದು ವರ್ಷಕ್ಕೊಬ್ಬ ಹುಡುಗನಾದರೂ ಕೇಳೇ ಕೇಳುತ್ತಾನೆ. ತಾನೇ ಮೊದಲು ಕಂಡುಹಿಡಿದೆನೆಂಬ ಹೆಮ್ಮೆ ಅವನ ಮುಖದ ಮೇಲೆ. “ಅದು ಅವರ ಮನೆ ಜಗಳ, ನಾವು ನಡುವೆ ಹೋಗೋದು ಬೇಡ” ಎಂದು ಕೂರಿಸುತ್ತೇನೆ. ಉಚ್ಚಾರಣೆಯ ಗುಮಾನಿ ಹೀಗೆ ತೀರಿದರೂ ಅರ್ಥದ ಗುಮಾನಿ ತೀರುವುದಿಲ್ಲ. ಪುಟ್ ಎಂದರೆ ಇಡು. ಸರಿ. ಪುಟ್ ಆನ್ ಎಂದರೆ ಬಟ್ಟೆ ಹಾಕಿಕೋ. ಪುಟ್ ಔಟ್ ಎಂದರೆ ದೀಪ ಆರಿಸು. ಪುಟ್ ಆಫ್ ಎಂದರೆ ನಾಳೆಗೆ ತಳ್ಳು, ಈ ಒಂದನ್ನು ಮಾತ್ರ ಅವರಿಗೆ ಕಲಿಸಬೇಕಾಗಿಯೇ ಇಲ್ಲ. ಪುಟ್ ಅಪ್ ಎಂದರೆ ಗೋಡೆಗೆ ನೋಟೀಸು ಹಚ್ಚು. ಬಂದವರನ್ನು ಮನೆಯಲ್ಲಿ ಉಳಿಸಿಕೋ ಎಂದೂ ಆಗುತ್ತದೆ. ಅದಕ್ಕೆ ಬಾಲವಾಗಿ ‘ವಿತ್’ ಬಂದು ಸೇರಿತೋ, ಸಹಿಸಿಕೋ. ಇಡುವುದಕ್ಕೂ ಸಹಿಸುವುದಕ್ಕೂ ಎಲ್ಲಿಯ ನಂಟು?

ಇದಕ್ಕೆ ನಾನೊಂದು ಉಪಾಯ ಇಟ್ಟುಕೊಂಡಿದ್ದೇನೆ. “ಕೈ ಅಂದ್ರೇನು?” ಎನ್ನುತ್ತೇನೆ. ಎಲ್ಲರೂ ಕೈ ಎತ್ತಿ ತೋರಿಸುತ್ತಾರೆ. “ಕೈ ಹಿಡಿದ ಅಂದ್ರೆ?” “ಮದುವೆಯಾದ ಮಿಸ್.” “ಕೈ ಕೊಟ್ಟ ಅಂದ್ರೆ?” “ಮೋಸ ಮಾಡ್ದ ಮಿಸ್.” “ಕೈ ಬಿಟ್ಟ?” “ಬಿಟ್ಟು ಹೋದ.” ಇರುವುದು ಅದೇ ಕೈ, ಪಕ್ಕದ ಪದ ಬದಲಾದ ಹಾಗೆ ಒಬ್ಬ ಹೆಣ್ಣುಮಗಳ ಬದುಕೇ ಬದಲಾಗಿ ಹೋಯಿತು. ಹುಡುಗರು ನಗುತ್ತಾರೆ. ಯಾರೂ ನಮಗೆ ಇವನ್ನೆಲ್ಲ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಲಿಲ್ಲ, ಅಮ್ಮಂದಿರ ಮಾತಿನ ಜೊತೆಯೇ ಒಳಗಿಳಿದವು. ಇಂಗ್ಲಿಷರ ಮಕ್ಕಳಿಗೂ ಹಾಗೆಯೇ. ನಾವು ಹೊರಗಿನಿಂದ ಹೋದವರಾದ್ದರಿಂದ ನಮಗೆ ಪಟ್ಟಿ. ಈ ಜೋಡುಪದಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರನ್ನು ಪ್ರಚಾರಕ್ಕೆ ತಂದದ್ದು ಲೋಗನ್ ಪಿಯರ್ಸಲ್ ಸ್ಮಿತ್ ಎಂಬ ಲೇಖಕ, 1925ರಲ್ಲಿ ಬಂದ ತನ್ನ ಪುಸ್ತಕದಲ್ಲಿ. ಹೆಸರಿಗೆ ನೂರು ವರ್ಷ. ಪದಗಳು ಅದಕ್ಕಿಂತ ಬಹಳ ಹಳೆಯವು.

ಪುಟ್ ಅಪ್‌ಗೂ ಪುಟ್ ಅಪ್ ವಿತ್‌ಗೂ ಇರುವ ವ್ಯತ್ಯಾಸವನ್ನು ಗೃಹಿಣಿಯರಿಗೆ ಹೇಳುವುದಾದರೆ ನನಗೆ ಉಪಾಯವೇ ಬೇಕಿಲ್ಲ. ನೆಂಟರು ಬಂದರು, ಹಾಸಿಗೆ ಹಾಸಿ ಉಳಿಸಿಕೊಂಡೆವು. ಅದು ಪುಟ್ ಅಪ್. ನಮ್ಮ ದೇಶದ ಇಂಗ್ಲಿಷಿನಲ್ಲಿ ‘ವೇರ್ ಆರ್ ಯೂ ಪುಟ್ ಅಪ್’ ಎಂದು ಈಗಲೂ ಕೇಳುವವರಿದ್ದಾರೆ, ಎಲ್ಲಿ ಇಳಿದುಕೊಂಡಿದ್ದೀರಿ ಎಂಬರ್ಥದಲ್ಲಿ. ಅದೇ ನೆಂಟರು ಎಂಟನೆಯ ದಿನವೂ “ಕಾಫಿಗೆ ಡಿಕಾಕ್ಷನ್ ಸ್ವಲ್ಪ ಗಟ್ಟಿ ಇರಲಮ್ಮ” ಎಂದಾಗ ನಮ್ಮಿಂದಾಗುವುದು ಪುಟ್ ಅಪ್ ವಿತ್.

ತಮಾಷೆ ಸಾಕು. ಈ ಪದದ ಹಿಂದೆ ಒಂದು ಕತ್ತಿ ಇದೆ. ಹಳೆಯ ಇಂಗ್ಲಿಷ್ ಬಳಕೆಯಲ್ಲಿ ‘ಪುಟ್ ಅಪ್’ ಎಂದರೆ ಕತ್ತಿಯನ್ನು ಒರೆಗೆ ಸೇರಿಸು ಎಂಬ ಅರ್ಥವಿತ್ತು. ಯಾರೋ ಅವಮಾನ ಮಾಡಿದರು, ಇವನ ಕೈ ಹಿಡಿಕೆಯ ಮೇಲೆ ಹೋಯಿತು, ಆದರೂ ಕತ್ತಿ ಒರೆಯಲ್ಲೇ ಉಳಿಯಿತು. ಅವಮಾನವನ್ನು ‘ಪುಟ್ ಅಪ್’ ಮಾಡಿದ. ಶೇಕ್ಸ್‌ಪಿಯರನ ಕಾಲಕ್ಕೆ ಸಹಿಸುವುದಕ್ಕೆ ಹೀಗೆ ‘ಪುಟ್ ಅಪ್’ ಎಂದಷ್ಟೇ ಹೇಳುವುದಿತ್ತು. ‘ವಿತ್’ ಸೇರಿಕೊಂಡ ಈಗಿನ ರೂಪ ರೂಢಿಗೆ ಬಂದದ್ದು 18ನೇ ಶತಮಾನದ ಹೊತ್ತಿಗೆ. ಇದನ್ನು ಓದಿಕೊಂಡ ದಿನ ನನಗೆ ನೆನಪಾದದ್ದು ನಮ್ಮ ‘ಹೊಟ್ಟೆಗೆ ಹಾಕಿಕೊಳ್ಳುವುದು’. “ಮಗು ತಪ್ಪು ಮಾಡಿದೆ, ಹೊಟ್ಟೆಗೆ ಹಾಕಿಕೊಳ್ಳಿ” ಎನ್ನುತ್ತೇವಲ್ಲ. ಇಂಗ್ಲಿಷಿನವನು ಅವಮಾನವನ್ನು ಒರೆಗೆ ಹಾಕಿದ, ನಾವು ಹೊಟ್ಟೆಗೆ ಹಾಕಿಕೊಂಡೆವು. ಎರಡೂ ಒಳಗೆ ಸೇರಿಸುವ ಕೆಲಸವೇ. ಆದರೆ ಒರೆಗೆ ಹೋದ ಕತ್ತಿ ಸೊಂಟದಲ್ಲೇ ಇರುತ್ತದೆ, ಬೇಕಾದಾಗ ಹಿರಿಯಬಹುದು, ಮೊನಚೂ ಹೋಗಿರುವುದಿಲ್ಲ. ಹೊಟ್ಟೆಗೆ ಹೋದದ್ದು ಅರಗಬೇಕು. ಅರಗದಿದ್ದರೆ ಹೊಟ್ಟೆಯೇ ಅನುಭವಿಸಬೇಕು.

ಅದಕ್ಕೇ ಇರಬೇಕು, ಈ ಇಂಗ್ಲಿಷ್ ಪದದಲ್ಲಿ ಸದಾ ಒಂದು ಅಸಮಾಧಾನ ಉಳಿದುಕೊಂಡಿದೆ. ಒಳ್ಳೆಯದನ್ನು ಯಾರೂ ಪುಟ್ ಅಪ್ ವಿತ್ ಮಾಡುವುದಿಲ್ಲ. ಮಲ್ಲಿಗೆ ಹೂವಿನ ಪರಿಮಳವನ್ನು ಪುಟ್ ಅಪ್ ವಿತ್ ಮಾಡುತ್ತೇನೆಂದರೆ ಪರೀಕ್ಷಕರು ಸೊನ್ನೆ ಹಾಕುತ್ತಾರೆ. ಗಲಾಟೆ, ಸೆಕೆ, ವಾಸನೆ, ಕೊಂಕು ಮಾತು, ಇಂಥವೇ ಅದರ ಜೊತೆ ಬರಬೇಕು. ಮತ್ತೆ ಬಹಳ ಸಲ ಅದು ಬರುವುದೇ ಆಗುವುದಿಲ್ಲ, ಒಲ್ಲೆ, ಇನ್ನೆಷ್ಟು ದಿನ, ಹೇಗೆ ತಾನೆ ಎಂಬ ಮಾತುಗಳ ಸಂಗಡ. ‘ಐ ವೋಂಟ್ ಪುಟ್ ಅಪ್ ವಿತ್ ದಿಸ್’ ಎಂದರೆ ಇನ್ನು ನನ್ನಿಂದ ಸಾಧ್ಯವಿಲ್ಲ ಎಂದು ಮೇಜು ಗುದ್ದಿದ ಹಾಗೆ. ಇದಕ್ಕೆ ‘ಟಾಲರೇಟ್’ ಎಂಬ ಲ್ಯಾಟಿನ್ ಮೂಲದ ಘನವಂತ ಪದವೂ ಇದೆ. ಅದು ಕಚೇರಿಯ ಕಾಗದಕ್ಕೆ. ಅಡಿಗೆಮನೆಯಲ್ಲಿ, ಬಚ್ಚಲಲ್ಲಿ, ಫೋನಿನಲ್ಲಿ ಅಕ್ಕತಂಗಿಯರು ಆಡುವ ಮಾತು ಪುಟ್ ಅಪ್ ವಿತ್.

ಮಕ್ಕಳಿಗೆ ನಾನು ಇದರ ಬಗ್ಗೆ ಹೇಳಿಕೊಡುವ ಮುಖ್ಯ ವ್ಯಾಕರಣ ಒಂದೇ. ‘ವಿತ್’ ಎಂದ ಮೇಲೆ ಏನಾದರೂ ಬರಲೇಬೇಕು. ಪುಟ್ ಅಪ್ ವಿತ್ ದಿ ನಾಯ್ಸ್, ಪುಟ್ ಅಪ್ ವಿತ್ ದಿ ಹೀಟ್. ಪ್ರಶ್ನೆ ಕೇಳುವಾಗ ‘ವಿತ್’ ಕೊನೆಯಲ್ಲಿ ಒಂಟಿಯಾಗಿ ನಿಂತಂತೆ ಕಂಡರೂ, ಅದರ ಜೊತೆಗಾರ ‘ವಾಟ್’ ಎಂಬ ವೇಷದಲ್ಲಿ ವಾಕ್ಯದ ತಲೆಯ ಮೇಲೆ ಹತ್ತಿ ಕೂತಿರುತ್ತಾನೆ. ಹೀಗೆ ವಿತ್, ಟು ಮುಂತಾದವುಗಳಿಂದ ವಾಕ್ಯ ಮುಗಿಯಬಾರದೆಂದು ಹಿಂದೆ ಪಂಡಿತರು ಕಟ್ಟಳೆ ಮಾಡಿದ್ದರು. ಅದನ್ನು ಅಣಕಿಸಿ, ಆ ಕಟ್ಟಳೆಯಂತೆಯೇ ‘ಅಪ್ ವಿತ್ ವಿಚ್ ಐ ವಿಲ್ ನಾಟ್ ಪುಟ್’ ಎಂದು ಪದವನ್ನು ಹಿಂದುಮುಂದು ತಿರುಗಿಸಿದ ಜೋಕನ್ನು ಚರ್ಚಿಲ್ ಹೆಸರಿಗೆ ಹಚ್ಚಿದ್ದಾರೆ. ಅವರೇ ಆಡಿದ ಮಾತು ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಚತುರ ಮಾತಿಗೆ ವಾರಸುದಾರರಿಲ್ಲದಿದ್ದರೆ ದೊಡ್ಡವರ ಹೆಸರಿಗೆ ಖಾತೆಯಾಗುವುದು ಎಲ್ಲ ದೇಶದಲ್ಲೂ ಇದ್ದದ್ದೇ.

ಇನ್ನು ನಮ್ಮ ಮಾತನ್ನು ನೋಡಿ. ‘ಹೊಂದಿಕೊಂಡು ಹೋಗು.’ ವಾಕ್ಯ ಮುಗಿಯಿತು. ಯಾವುದಕ್ಕೆ ಹೊಂದಿಕೊಳ್ಳಬೇಕು, ಎಲ್ಲಿಗೆ ಹೋಗಬೇಕು, ಎಷ್ಟು ದೂರ ಹೋಗಬೇಕು, ಒಂದೂ ಇಲ್ಲ. ವ್ಯಾಕರಣದಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ. ‘ಸಹಿಸಿಕೋ’, ‘ತಡಕೋ’, ‘ಅನುಸರಿಸಿಕೊಂಡು ಹೋಗು’, ‘ಸಂಭಾಳಿಸಿಕೊಂಡು ಹೋಗು’, ‘ತಗ್ಗಿಬಗ್ಗಿ ನಡೆ’. ಒಂದಕ್ಕಾದರೂ ಯಾವುದನ್ನು ಎಂದು ಹೇಳುವ ಕಟ್ಟುಪಾಡಿಲ್ಲ. ‘ತಾಳು’ ಎಂಬ ಮಾತಂತೂ ಇನ್ನೂ ಚೆನ್ನ. ಅದಕ್ಕೆ ಸಹಿಸು ಎಂದೂ ಅರ್ಥ, ಸ್ವಲ್ಪ ಕಾಯಿ ಎಂದೂ ಅರ್ಥ. ಕಾದರೆ ಮುಂದೇನೋ ಒಳ್ಳೆಯದಿದೆ ಎಂಬ ಆಸೆ ಅದರೊಳಗೇ ಅಡಗಿದೆ. ಅದನ್ನೇ ಬಹುವಚನದಲ್ಲಿ ಮರ್ಯಾದೆಯಾಗಿ ಹೇಳಿದರೆ ‘ತಾಳಿ’! ಕೊರಳಿಗೆ ಕಟ್ಟುವ ತಾಳಿಗೂ ಇದಕ್ಕೂ ಸಂಬಂಧವಿಲ್ಲವೆಂದು ಭಾಷಾಶಾಸ್ತ್ರ ಬಲ್ಲವರು ಹೇಳಬಹುದು. ಕಟ್ಟಿಸಿಕೊಂಡವರನ್ನು ಒಂದು ಮಾತು ಕೇಳಿ ಆಮೇಲೆ ಹೇಳಲಿ.

ಈಚೆಗೆ ಇಂಗ್ಲಿಷಿನಿಂದಲೇ ಎರವಲು ತಂದ ‘ಅಡ್ಜಸ್ಟ್’ ಬಂದಿದೆ. “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ” ಎಂದರೆ ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ಬಂದರೆಂದು ಅರ್ಥ. ಅಲ್ಲಿ ಯಾವುದಕ್ಕೆ ಎಂದು ಕೇಳಬೇಕಾಗಿಲ್ಲ, ಆ ನಾಲ್ಕನೆಯವರ ಭಾರ ನಮ್ಮ ತೊಡೆಗೇ ತಿಳಿಯುತ್ತದೆ. ಅವರು ಎಲ್ಲಿ ಇಳಿಯುತ್ತಾರೆಂದೂ ಕೇಳಿ ತಿಳಿದುಕೊಳ್ಳಬಹುದು. ಅದೇ ಮಾತನ್ನು ಮನೆಗೆ ತಂದು ಮಗಳಿಗೆ “ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ” ಎಂದಾಗ ಭಾರವೆಷ್ಟು, ಇಳಿಯುವ ಸ್ಟಾಪು ಯಾವುದು, ಎರಡೂ ಮಾಯ.

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸ್ವಂತ ವಾಕ್ಯ ಬರೆಯಲು ಕೊಡುವುದು ನನ್ನ ಅಭ್ಯಾಸ. ಗೈಡಿನಿಂದ ಇಳಿಸಿದ ವಾಕ್ಯ ನನಗೆ ವಾಸನೆಯಲ್ಲೇ ಗೊತ್ತಾಗುತ್ತದೆ. ಕೆಲವು ವರ್ಷಗಳ ಹಿಂದೆ ಹೀಗೆ ಪುಟ್ ಅಪ್ ವಿತ್ ಕೊಟ್ಟಾಗ ಹುಡುಗರು ಕರೆಂಟು ಹೋಗುವುದನ್ನು, ಸೊಳ್ಳೆಯನ್ನು, ಗಣಿತದ ಮೇಷ್ಟ್ರನ್ನು ಸಹಿಸಲಾರೆವೆಂದು ಬರೆದಿದ್ದರು. ಒಬ್ಬ ಹುಡುಗಿಯ ಪುಸ್ತಕದಲ್ಲಿ ಮಾತ್ರ ‘ಮೈ ಮದರ್ ಪುಟ್ಸ್ ಅಪ್ ವಿತ್’ ಎಂದು ಬರೆದು ಚುಕ್ಕಿ ಇಟ್ಟಿತ್ತು. ಕರೆದು, “ವಿತ್ ಆದಮೇಲೆ ಏನಾದರೂ ಬೇಕು ಕಣೇ, ವಾಕ್ಯ ಮುಗಿದಿಲ್ಲ” ಎಂದೆ. ಅವಳು ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಸ್ವಲ್ಪ ಹೊತ್ತು ನಿಂತಳು.

“ತುಂಬಾ ಇದಾವೆ ಮಿಸ್. ಒಂದೇ ಬರೀಬೇಕಾ?”

ಒಂದು ಸಾಕೆಂದೆ. ಜಾಗಕ್ಕೆ ಹೋಗಿ ಬರೆದುಕೊಂಡು ಬಂದಳು. ‘ಮೈ ಮದರ್ ಪುಟ್ಸ್ ಅಪ್ ವಿತ್ ಮೈ ಫಾದರ್ಸ್ ಫ್ರೆಂಡ್ಸ್.’ ವ್ಯಾಕರಣದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಸರಿ ಗುರುತು ಹಾಕಿ ಕೊಟ್ಟೆ. ಸಂಜೆ ಬಸ್ ಸ್ಟ್ಯಾಂಡಿನವರೆಗೆ ಅವಳ ಜೊತೆ ನಡೆದುಕೊಂಡು ಹೋದಾಗ ಉಳಿದದ್ದು ತಿಳಿಯಿತು. ಇರುವುದು ಒಂದು ಕೋಣೆ, ಒಂದು ಅಡಿಗೆಮನೆ. ರಾತ್ರಿ ಒಂಬತ್ತಕ್ಕೆ ಅಪ್ಪನ ಸ್ನೇಹಿತರು ಬರುತ್ತಾರೆ, ಬಾಟಲಿ ಬರುತ್ತದೆ, ಹನ್ನೊಂದರವರೆಗೆ ಅಮ್ಮ ಮೊಟ್ಟೆ ಬೇಯಿಸಿ ಕೊಡುತ್ತಿರಬೇಕು. ಇವಳು ಅಡಿಗೆಮನೆಯ ಮೂಲೆಯಲ್ಲಿ ಅಕ್ಕಿ ಡಬ್ಬದ ಮೇಲೆ ಪುಸ್ತಕ ಇಟ್ಟುಕೊಂಡು ಓದಬೇಕು. ಆ ತಾಯಿಯನ್ನು ನಾನು ಎಷ್ಟೋ ಸಲ ನೋಡಿದ್ದೆ. ಕೇಳಿದಾಗಲೆಲ್ಲ “ಏನೋ ಹಿಂಗೇ ನಡೀತಿದೆ ಟೀಚರ್ರೇ” ಎನ್ನುತ್ತಿದ್ದರು. ಮಗಳು ಇಂಗ್ಲಿಷಿನಲ್ಲಿ ಬರೆದ ಒಂದು ವಾಕ್ಯದಿಂದ ತಿಳಿದಷ್ಟು ಆ ತಾಯಿಯ ಹತ್ತು ಮಾತಿನಿಂದ ತಿಳಿದಿರಲಿಲ್ಲ. ಪರೀಕ್ಷೆ ಮುಗಿಯುವ ತನಕ ರಾತ್ರಿ ನಮ್ಮ ಮನೆಯಲ್ಲೇ ಓದಿ ಮಲಗಲು ಆ ತಾಯಿಯನ್ನು ಒಪ್ಪಿಸಿದೆ. ತಂದೆಯನ್ನು ಒಪ್ಪಿಸಲು ನಮ್ಮ ಯಜಮಾನರು ಹೋಗಬೇಕಾಯಿತು. ಹುಡುಗಿ ಚೆನ್ನಾಗಿ ಪಾಸಾದಳು, ನರ್ಸಿಂಗ್ ಸೇರಿದಳು. ತಾಯಿಯ ಪಾಡು ಹೆಚ್ಚು ಬದಲಾದಂತೆ ಕಾಣೆ.

ಇದೆಲ್ಲ ನನಗೆ ಇಷ್ಟು ತಟ್ಟಲು ನನ್ನ ಅಕ್ಕ ಕಾರಣ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. 1984ರಲ್ಲಿ ಮದುವೆಯಾಗಿ ಹೋದದ್ದು ಒಂದು ದೊಡ್ಡ ಮನೆಗೆ. ತೆಂಗಿನ ತೋಟ, ಹಜಾರದಲ್ಲಿ ಕೊಬ್ಬರಿಯ ರಾಶಿ, ದನದ ಕೊಟ್ಟಿಗೆ. “ಉಣ್ಣೋಕೆ ಉಡೋಕೆ ಕೊರತೆ ಇಲ್ಲ” ಎಂದು ಅಪ್ಪ ನೆಮ್ಮದಿಯಾಗಿ ಕೈ ತೊಳೆದುಕೊಂಡರು. ಹೊರಡುವ ದಿನ ಅಮ್ಮ ಮಡಿಲು ತುಂಬಿ ಹೇಳಿದ್ದು ಎರಡೇ ಮಾತು, ಹೊಂದಿಕೊಂಡು ಹೋಗು. ಆಮೇಲೆ ಅಕ್ಕನಿಂದ ತಿಂಗಳಿಗೊಂದು ಇನ್‌ಲ್ಯಾಂಡ್ ಲೆಟರ್ ಬರುತ್ತಿತ್ತು. ‘ನಾನು ಕ್ಷೇಮ. ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತಿದ್ದೇನೆ.’ ಅಮ್ಮ ತೀರಿಕೊಂಡ ಮೇಲೆ ಅವಳ ಟ್ರಂಕಿನಲ್ಲಿ ಆ ಕಾಗದಗಳ ಕಟ್ಟು ಸಿಕ್ಕಿತು. ಒಂದೊಂದಾಗಿ ಓದಿದೆ. ಬೆಳೆ, ಮಳೆ, ಹಸು ಕರು ಹಾಕಿದ್ದು, ಮೈದುನನ ಮದುವೆ, ಎಲ್ಲ ಇದೆ. ಹೊಂದಿಕೊಂಡು ಹೋಗುವ ಸಾಲು ಪ್ರತಿಯೊಂದರಲ್ಲೂ ಇದೆ. ಯಾವುದಕ್ಕೆ ಎಂಬುದು ಒಂದರಲ್ಲೂ ಇಲ್ಲ.

1991ರಲ್ಲಿ ಅಮ್ಮನಿಗೆ ಪಿತ್ತಕೋಶದ ಆಪರೇಷನ್ ಆಯಿತು. ಹದಿನೈದು ದಿನ ಆಸ್ಪತ್ರೆಯಲ್ಲಿದ್ದಳು. ಅಕ್ಕನಿಗೆ ಕಾಗದ ಹಾಕಿದ್ದೆವು, ಬರಲಿಲ್ಲ. ಮನೆಗೆ ಕರೆತಂದ ಮೇಲೂ ಬರಲಿಲ್ಲ. ಬಂದದ್ದು ಎರಡು ತಿಂಗಳ ನಂತರ, ಭಾವನ ಜೊತೆ, ಯಾರದೋ ಮದುವೆಗೆ ಹೋಗುವ ದಾರಿಯಲ್ಲಿ, ಅರ್ಧ ದಿನಕ್ಕೆ. ಅಮ್ಮ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ನೆಂಟರೆದುರು ಒಂದೆರಡು ಸಲ, “ದೊಡ್ಡೋಳಿಗೆ ಶ್ರೀಮಂತರ ಮನೆ ಸೇರಿದ ಮೇಲೆ ತೌರು ಮರೆತುಹೋಯ್ತು” ಎಂದದ್ದನ್ನು ನಾನೇ ಕೇಳಿದ್ದೇನೆ. ಆ ಮಾತು ಅಮ್ಮನ ಜೊತೆಯೇ ಹೋಯಿತು.

ಅಮ್ಮ ಹೋಗಿ ಎಷ್ಟೋ ವರ್ಷವಾದ ಮೇಲೆ ಒಂದು ಬೇಸಿಗೆ ರಜೆಯಲ್ಲಿ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಇಬ್ಬರೂ ತಾರಸಿಯ ಮೇಲೆ ಹಪ್ಪಳ ಹರಡುತ್ತಿದ್ದೆವು. ಕಾಗದಗಳ ಮಾತು ತೆಗೆದು, “ಅದೇನೇ ಅದು, ಪ್ರತಿ ಸಲ ಹೊಂದಿಕೊಂಡು ಹೋಗ್ತಿದೀನಿ ಅಂತ ಬರೀತಿದ್ದೆ, ಏನಕ್ಕೆ ಹೊಂದಿಕೊಳ್ತಿದ್ದೆ?” ಎಂದೆ. ಅಕ್ಕ ಹಪ್ಪಳದ ಅಂಚು ಸರಿಮಾಡುತ್ತ ಬಹಳ ಸಹಜವಾಗಿ ಹೇಳಿದಳು.

“ಬೀಗದ ಕೈಗೆ.”

ಉಗ್ರಾಣದ ಬೀಗದ ಕೈ ಅತ್ತೆಯ ಸೊಂಟದಲ್ಲಿ. ಬೆಳಿಗ್ಗೆ ಎದ್ದು ಅಕ್ಕಿ, ಬೇಳೆ, ಬೆಲ್ಲ, ಕಾಫಿಪುಡಿ ಎಲ್ಲವನ್ನೂ ಅವರು ಅಳೆದು ಕೊಡಬೇಕು. ಮೈಗೆ ಹಚ್ಚುವ ಸೋಪನ್ನು ದಾರದಲ್ಲಿ ಎರಡು ಹೋಳು ಮಾಡಿ ಒಂದು ಹೋಳು ಕೊಡುವರು. ಕೊಬ್ಬರಿ ಮಾರಿ ಬಂದ ಹಣ ಕಬ್ಬಿಣದ ಪೆಟ್ಟಿಗೆಗೆ. ಹದಿನಾಲ್ಕು ವರ್ಷ ಅಕ್ಕನ ಕೈಯಲ್ಲಿ ಅವಳದೆನ್ನುವ ಒಂದು ರೂಪಾಯಿ ಇರಲಿಲ್ಲ. ಏನಾದರೂ ಬೇಕಿದ್ದರೆ ಗಂಡನನ್ನು ಕೇಳಬೇಕು, ಗಂಡ ತಾಯಿಯನ್ನು ಕೇಳಬೇಕು, ತಾಯಿ ಯಾಕೆಂದು ಕೇಳುವರು. ಹೊಡೆದವರಿಲ್ಲ, ಬೈದವರೂ ಕಡಿಮೆ. ಅಮ್ಮನಿಗೆ ಆಪರೇಷನ್ ಎಂಬ ಕಾಗದ ಬಂದಾಗ ಅಕ್ಕ ಕೇಳಿದಳು. “ಅಲ್ಲಿ ತಂಗಿ ಇದಾಳಲ್ಲ, ಅಪ್ಪ ಇದಾರಲ್ಲ, ನೀನು ಹೋಗಿ ಡಾಕ್ಟ್ರಿಗೆ ಏನು ಹೇಳ್ತೀಯ?” ಎಂದರಂತೆ ಅತ್ತೆ. ಬಸ್ ಚಾರ್ಜು ಆಗ 11 ರೂಪಾಯಿ. ಪಕ್ಕದ ಮನೆಯವರನ್ನು ಸಾಲ ಕೇಳಿದರೆ ಮನೆಯ ಮರ್ಯಾದೆ ಹೋಗುತ್ತದೆಂದು ಕೇಳಲಿಲ್ಲ. ಆ ಹದಿನೈದು ದಿನ ದನದ ಕೊಟ್ಟಿಗೆಯಲ್ಲಿ ಕೂತು ಅತ್ತು, ಮುಖ ತೊಳೆದು ಒಳಗೆ ಬರುತ್ತಿದ್ದಳಂತೆ.

“ಅಮ್ಮನಿಗಾದರೂ ಹೇಳಬಾರದಿತ್ತೇನೇ?”

“ಹೊಂದಿಕೊಂಡಿದೀಯಾ ಅಂತ ಕೇಳಿದ್ಳು, ಹೂಂ ಅಂದೆ. ಅದು ಸುಳ್ಳಲ್ಲವಲ್ಲ? ಏನಕ್ಕೆ ಅಂತ ಕೇಳಿದ್ರೆ ಹೇಳ್ತಿದ್ದೆನೇನೋ. ಯಾರೂ ಕೇಳ್ಲಿಲ್ಲ ಕಣೇ.”

ಆಮೇಲೆ ಕಾಗೆ ಬಂತು, ಅಕ್ಕ ಕೋಲು ಎತ್ತಿಕೊಂಡು ಓಡಿಸಲು ಎದ್ದಳು. ಅವಳ ಅತ್ತೆಯನ್ನು ನಾನು ಕೆಟ್ಟವರೆಂದು ಬರೆಯಲಾರೆ. ಆಕೆಗೂ ಆಕೆಯ ಅತ್ತೆ ಹಾಗೆಯೇ ಅಳೆದು ಕೊಟ್ಟಿದ್ದರಂತೆ. ಸಾಯುವ ಮುಂಚೆ ಬೀಗದ ಕೈ ಅಕ್ಕನಿಗೇ ಕೊಟ್ಟರು. ಅಕ್ಕ ಅದೇ ದಿನ ಬೀಗ ತೆಗೆದವಳು ಮತ್ತೆ ಹಾಕಲಿಲ್ಲ. ಈಗ ಅವಳ ಸೊಸೆ ಉಗ್ರಾಣಕ್ಕೆ ಮೊಬೈಲು ಕಿವಿಗಿಟ್ಟುಕೊಂಡೇ ಹೋಗಿ ಬರುತ್ತಾಳೆ. ಸಕ್ಕರೆ ಬೇಗ ಮುಗಿಯುತ್ತದೆ ಎಂಬ ಒಂದು ದೂರು ಅಕ್ಕನದೂ ಇದೆ. ಅದನ್ನು ಆಕೆ ಪುಟ್ ಅಪ್ ವಿತ್ ಮಾಡುತ್ತಾಳೆ.

ಅಕ್ಕನಂಥವರ ಬೀಗದ ಕೈಗೆ ಕೊನೆಗೆ ಹೆಸರಿಟ್ಟದ್ದು ಕಾನೂನು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸಲು 2005ರಲ್ಲಿ ಬಂದು, 2006ರ ಅಕ್ಟೋಬರಿನಲ್ಲಿ ಜಾರಿಯಾದ ಕಾಯ್ದೆಯನ್ನು ನಾನು ಇಂಗ್ಲಿಷ್ ಮೇಷ್ಟರಮ್ಮನ ಕಣ್ಣಿನಿಂದಲೇ ಓದಿದೆ. ಮೂರನೆಯ ಕಲಮಿನಲ್ಲಿ ದೌರ್ಜನ್ಯವೆಂದರೆ ಯಾವುದು ಎಂದು ಬಿಡಿಸಿ ಬರೆದಿದ್ದಾರೆ. ಮೈಗೆ ಮಾಡುವ ನೋವು ಮಾತ್ರವಲ್ಲ. ಮಾತಿನಿಂದ, ಮನಸ್ಸಿಗೆ ಮಾಡುವ ಹಿಂಸೆ ಇದೆ. ಮಗುವಾಗಲಿಲ್ಲ, ಗಂಡುಮಗುವಾಗಲಿಲ್ಲ ಎಂದು ಹಂಗಿಸುವುದನ್ನು ಅದರಲ್ಲಿ ಹೆಸರಿಸಿಯೇ ಸೇರಿಸಿದ್ದಾರೆ. ಲೈಂಗಿಕ ಹಿಂಸೆ ಇದೆ. ಹಣಕಾಸಿನದು ಬೇರೆಯಾಗಿಯೇ ಇದೆ. ಅವಳಿಗೆ ಸಲ್ಲಬೇಕಾದ ಹಣವನ್ನು, ಮನೆಯ ಅಗತ್ಯಗಳನ್ನು ತಡೆಹಿಡಿಯುವುದು ಕೂಡ ದೌರ್ಜನ್ಯ. ಕಾಯ್ದೆ ಬಂದ ಮಾತ್ರಕ್ಕೆ ಮನೆಗಳು ಬದಲಾದವೆಂದು ನಾನು ಹೇಳುವುದಿಲ್ಲ. ‘ವಿತ್’ ಆದಮೇಲಿನ ಖಾಲಿ ಜಾಗವನ್ನು ತುಂಬಿದ್ದಾರಲ್ಲ, ಅಷ್ಟು ನನಗೆ ಸಮಾಧಾನ.

ಹಾಗೆಂದು ‘ಹೊಂದಿಕೊಳ್ಳು’ ಎಂಬ ನಮ್ಮ ಪದವನ್ನು ನಾನು ಹೀನಾಯ ಮಾಡುತ್ತಿಲ್ಲ. ಹೊಂದುವುದು ಎಂದರೆ ಕೂಡುವುದು, ಒಂದಕ್ಕೊಂದು ಸರಿಯಾಗಿ ಕೂರುವುದು. ಬಡಗಿ ಎರಡು ಹಲಗೆ ಹೊಂದಿಸಬೇಕಾದರೆ ಎರಡನ್ನೂ ಕೆತ್ತುತ್ತಾನೆ. ಒಂದೇ ಹಲಗೆಯನ್ನು ಕೆತ್ತುತ್ತ ಹೋದರೆ ಅದು ತೆಳ್ಳಗಾಗುತ್ತದೆಯೇ ಹೊರತು ಬಾಗಿಲಾಗುವುದಿಲ್ಲ. ಆ ದೃಷ್ಟಿಯಿಂದ ಇಂಗ್ಲಿಷಿನ ಪದಕ್ಕಿಂತ ನಮ್ಮದೇ ದೊಡ್ಡ ಪದ. ಪುಟ್ ಅಪ್ ವಿತ್‌ನಲ್ಲಿ ಸಹಿಸುವವರು ಒಬ್ಬರೇ, ಹೊಂದಾಣಿಕೆಗೆ ಇಬ್ಬರು ಬೇಕು. ಆದರೆ ಅದನ್ನು ನಾವು ಮಡಿಲಕ್ಕಿಯ ಜೊತೆ ಹೆಣ್ಣಿನ ಸೆರಗಿಗೆ ಮಾತ್ರ ಕಟ್ಟಿ ಕಳಿಸುತ್ತ ಬಂದೆವು. ಮದುಮಗನ ಶಲ್ಯದ ತುದಿಗೆ ಕಟ್ಟಿದ್ದನ್ನು ನಾನು ಯಾವ ಮದುವೆಯಲ್ಲೂ ಕಂಡಿಲ್ಲ.

ಕಳೆದ ಕಾರ್ತಿಕದಲ್ಲಿ ನನ್ನ ಮಗಳನ್ನು ನೋಡಲು ಬಂದಿದ್ದರು. ಅವಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಮಾತು ಸ್ವಲ್ಪ ಜಾಸ್ತಿ. ಹುಡುಗನ ಸೋದರತ್ತೆ ಉಪ್ಪಿಟ್ಟು ಕೇಸರಿಬಾತು ಮುಗಿಸಿ, ಬಾಯಿ ಒರೆಸಿಕೊಂಡು, “ಹುಡುಗಿ ಎಲ್ಲಾದಕ್ಕೂ ಹೊಂದಿಕೊಂಡು ಹೋಗ್ತಾಳೆ ತಾನೆ?” ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಮಗಳೇ, “ಯಾವ್ಯಾವುದಕ್ಕೆ ಅಂತ ಹೇಳಿದ್ರೆ ಯೋಚನೆ ಮಾಡಿ ಹೇಳ್ತೀನಿ ಆಂಟಿ” ಎಂದಳು. ನಮ್ಮ ಯಜಮಾನರಿಗೆ ಕೆಮ್ಮು ಬಂತು. ಸೋದರತ್ತೆ ಹುಡುಗನ ತಾಯಿಯ ಮುಖ ನೋಡಿದರು. ಆಕೆ ಸೆರಗಿನ ಮರೆಯಲ್ಲಿ ನಗು ತಡೆದುಕೊಳ್ಳುತ್ತಿದ್ದಂತೆ ನನಗೆ ಕಂಡಿತು.

ಹುಡುಗ ಮಾತ್ರ ಪರೀಕ್ಷೆಯ ಪ್ರಶ್ನೆಯೆಂಬಂತೆ ಗಂಭೀರವಾಗಿ ಯೋಚಿಸಿ ಉತ್ತರ ಕೊಡತೊಡಗಿದ. “ನನಗೆ ಗೊರಕೆ ಇದೆ. ಅಪ್ಪನಿಗೆ ಕಿವಿ ಸ್ವಲ್ಪ ಮಂದ, ಟೀವಿ ಜೋರಾಗಿ ಇಡ್ತಾರೆ. ಅಮ್ಮನ ಒಗ್ಗರಣೆಗೆ ಬೇರೆಯವರು ಕೈ ಹಾಕಿದ್ರೆ ಅಮ್ಮನಿಗೆ ಆಗಲ್ಲ. ತಿಂಗಳಲ್ಲಿ ಒಂದು ವಾರ ನನಗೆ ರಾತ್ರಿ ಪಾಳಿ.” ಆಮೇಲೆ ತಲೆಯೆತ್ತಿ, “ನಿಮ್ಮ ಕಡೆ ಏನೇನಿದೆ ಅಂತಾನೂ ಹೇಳಿ” ಎಂದ. ಮಗಳು ಅದನ್ನು ನಿರೀಕ್ಷಿಸಿರಲಿಲ್ಲ. ಬೆಳಿಗ್ಗೆ ಎಂಟರೊಳಗೆ ತನಗೆ ಎಚ್ಚರವಾಗುವುದಿಲ್ಲ, ಸಿಟ್ಟು ಬಂದರೆ ಎರಡು ದಿನ ಮಾತಾಡುವುದಿಲ್ಲ, ಸಂಬಳದಲ್ಲಿ ಒಂದು ಪಾಲು ಅಪ್ಪ ಅಮ್ಮನಿಗೆ ಕೊಡುತ್ತೇನೆ, ಅದು ಮದುವೆಯಾದ ಮೇಲೂ ನಿಲ್ಲುವುದಿಲ್ಲ ಎಂದು ಹೇಳಿದಳು. ಕೊನೆಯದನ್ನು ಕೇಳಿ ಸೋದರತ್ತೆ ಏನೋ ಅನ್ನಹೊರಟರು.

ಅಷ್ಟರಲ್ಲಿ ಅಡಿಗೆಮನೆಯಿಂದ ಬಜ್ಜಿಯ ತಟ್ಟೆ ಹಿಡಿದುಕೊಂಡು ಅಕ್ಕ ಬಂದಳು. ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ. ಹುಡುಗನ ಎದುರು ನಿಂತು, “ನಿಮ್ಮನೇಲಿ ಬೀರು ಬೀಗದ ಕೈ ಯಾರ ಹತ್ರ ಇರತ್ತಪ್ಪ?” ಎಂದು ಕೇಳಿದಳು.

ಅವನು ತಬ್ಬಿಬ್ಬಾಗಿ ತಾಯಿಯ ಕಡೆ ನೋಡಿದ. ತಾಯಿಯೂ ಅವನ ಕಡೆ ನೋಡಿದರು. “ಬೀರುವಿನ ಬಾಗಿಲಲ್ಲೇ ನೇತಾಡ್ತಿರತ್ತೆ ಆಂಟಿ. ಯಾಕೆ?”

“ಏನಿಲ್ಲಪ್ಪ, ಸುಮ್ನೆ ಕೇಳಿದೆ” ಎಂದು ಅಕ್ಕ ಅವನ ತಟ್ಟೆಗೆ ಎರಡು ಬಜ್ಜಿ ಹೆಚ್ಚಾಗಿ ಹಾಕಿದಳು.

ಮಾತುಕತೆ ಇನ್ನೂ ನಡೆಯುತ್ತಿದೆ. ಗೊರಕೆಯ ವಿಷಯದಲ್ಲಿ ಮಗಳು ಇನ್ನೂ ತೀರ್ಮಾನಕ್ಕೆ ಬಂದಿಲ್ಲ.